ನಾಲ್ಕು ನಿಮಿಷದ ಏದುಸಿರು

ಉತ್ತರ ಕನ್ನಡದ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮನೆ ಮೇಲೆ, ತೋಟ ಕೆಳಗೆ. ಹಳ್ಳದ ಬದಿಯ ಕಣಿವೆಯಲ್ಲಿ ಅಡಿಕೆ, ಏರಿನ ಅಂಚಿನಲ್ಲಿ ಮನೆ, ಮನೆಯ ಹಿಂದೆ ಸೊಪ್ಪಿನ ಬೆಟ್ಟ. ಸಿದ್ದಾಪುರದ ದೊಡ್ಮನೆಯ ಕಡೆ ಹೋದರಂತೂ ಸಮತಟ್ಟು ನೆಲವೆಂಬುದು ಅಂಗಳದಲ್ಲಿ ಮಾತ್ರ. ಇಂಥ ಊರಿನ ಹುಡುಗನೊಬ್ಬ ಸಂಜೆ ಬೈಕ್ ಹತ್ತಿ ಪೇಟೆಯ ಜಿಮ್ಮಿಗೆ ಹೊರಟರೆ ಜಗುಲಿಯಲ್ಲಿ ಕೂತ ಅಜ್ಜ ಕೇಳುತ್ತಾನೆ: "ತಮಾ, ತ್ವಾಟ ಇಳ್ದು ಹತ್ತಿದ್ರೆ ಸಾಕಾಗ್ತಿಲ್ಯ?"

ಪ್ರಶ್ನೆ ನ್ಯಾಯವಾದದ್ದೇ. ಅದರ ಜೊತೆಗೆ ಇನ್ನೊಂದು ಒಗಟನ್ನೂ ಇಟ್ಟುಕೊಳ್ಳೋಣ. ದಿನಾ ಬೆಳಿಗ್ಗೆ ಒಂದು ತಾಸು ತಪ್ಪದೆ ವಾಕಿಂಗ್ ಮಾಡುವ ನಿವೃತ್ತ ಮೇಷ್ಟ್ರು ಹಸಿ ಅಡಿಕೆಯ ಚೀಲ ಹೊತ್ತು ತೋಟದಿಂದ ಮನೆಯ ಏರು ಹತ್ತಬೇಕಾಗಿ ಬಂದರೆ ಅರ್ಧಕ್ಕೇ ನಿಂತು ಏದುಸಿರು ಬಿಡುತ್ತಾರೆ. ಅದೇ ವಯಸ್ಸಿನ, ವಾರಕ್ಕೆ ಮೂರು ದಿನ ಇಪ್ಪತ್ತೇ ನಿಮಿಷ ಜಿಮ್ಮಿನಲ್ಲಿ ಬೆವರು ಹರಿಸಿ ಬರುವ ಅವರ ಗೆಳೆಯರು ಅದೇ ಏರನ್ನು ಮಾತಾಡುತ್ತಲೇ ಹತ್ತುತ್ತಾರೆ. ಹೆಚ್ಚು ಹೊತ್ತು ಶ್ರಮಿಸಿದವರು ಮೇಷ್ಟ್ರು, ಹೆಚ್ಚು ಲಾಭ ಸಿಕ್ಕಿದ್ದು ಗೆಳೆಯರಿಗೆ. ಮೈಯ ಲೆಕ್ಕದಲ್ಲಿ ಹೊತ್ತಿಗಿಂತ ಮುಖ್ಯವಾದದ್ದು ಇನ್ನೇನೋ ಇರಬೇಕು.

ಇಪ್ಪತ್ತು ಸೆಕೆಂಡ್ ದುಡಿಮೆ, ಹತ್ತು ಸೆಕೆಂಡ್ ಬಿಡುವು

ಈಗ ಜಿಲ್ಲೆಯ ಸಣ್ಣ ಪೇಟೆಗಳ ಜಿಮ್ಮಿನಲ್ಲೂ ಒಂದು ಮೂಲೆ ಬೇರೆಯೇ ಕಾಣುತ್ತದೆ. ಅಲ್ಲಿ ಕನ್ನಡಿಯ ಮುಂದೆ ಕೂತು ತೋಳೊಂದನ್ನೇ ಬಗ್ಗಿಸುವ ಯಂತ್ರಗಳಿಲ್ಲ. ಒಂದು ಮರದ ಪೆಟ್ಟಿಗೆ, ಹಿಡಿಯಿರುವ ಕಬ್ಬಿಣದ ಗುಂಡು ಅಂದರೆ ಕೆಟಲ್‌ಬೆಲ್, ಒಂದು ಉದ್ದ ರಾಡು, ನೆಲಕ್ಕೆ ರಬ್ಬರ್ ಹಾಸು, ಗೋಡೆಗೆ ಟೈಮರ್. ಕುಕ್ಕರಗಾಲಲ್ಲಿ ಕೂತು ಏಳುವುದು, ನೆಲದ ಭಾರವನ್ನು ತಲೆಯ ಮೇಲಕ್ಕೆತ್ತುವುದು, ಪೆಟ್ಟಿಗೆಯ ಮೇಲೆ ಜಿಗಿಯುವುದು, ಬೋರಲು ಬಿದ್ದು ಎದ್ದು ಹಾರುವ ಬರ್ಪಿ. ಗರಡಿಮನೆಯ ದಂಡ, ಬಸ್ಕಿಗಳ ಹತ್ತಿರದ ಸಂಬಂಧಿಗಳಿವು. ಒಂದು ಚಲನೆಗೆ ಸೊಂಟ, ಮಂಡಿ, ಭುಜ ಎಲ್ಲ ಕೂಡಿ ದುಡಿಯಬೇಕು. ಬದುಕಿನಲ್ಲಿ ನಾವು ಭಾರ ಎತ್ತುವುದೂ ಹೀಗೆಯೇ ಆದ್ದರಿಂದ ಇದಕ್ಕೆ ಬಳಕೆಯ ವ್ಯಾಯಾಮ, ಫಂಕ್ಷನಲ್ ಟ್ರೇನಿಂಗ್ ಎಂಬ ಹೆಸರು ಬಂತು. ಅಮೆರಿಕದ ಗ್ರೆಗ್ ಗ್ಲಾಸ್‌ಮನ್ 2000ದಲ್ಲಿ ಕ್ರಾಸ್‌ಫಿಟ್ ಎಂಬ ಹೆಸರಿನಲ್ಲಿ ಇದನ್ನು ವ್ಯಾಪಾರವಾಗಿ ಕಟ್ಟಿದ ಮೇಲೆ ಲೋಕವಿಡೀ ಹರಡಿತು.

ಚಲನೆಗಿಂತ ನಮಗೆ ಮುಖ್ಯವಾದದ್ದು ಅದರ ಹೊತ್ತಿನ ಹಂಚಿಕೆ. 1996ರಲ್ಲಿ ಜಪಾನಿನ ಕಾನೊಯಾ ಊರಿನ ಕ್ರೀಡಾ ಸಂಸ್ಥೆಯ ಇಜುಮಿ ತಬಾಟಾ ಮತ್ತು ಸಂಗಡಿಗರು ಒಂದು ಪ್ರಯೋಗ ಪ್ರಕಟಿಸಿದರು. ಅದರ ಮೂಲ ಉಪಾಯ ಸ್ಪೀಡ್ ಸ್ಕೇಟಿಂಗ್ ತಂಡದ ತರಬೇತುದಾರ ಇರಿಸಾವಾ ಕೊಯಿಚಿ ಅವರದು. ಒಂದು ಗುಂಪು ವಾರಕ್ಕೆ ಐದು ದಿನ, ದಿನಕ್ಕೆ ಒಂದು ತಾಸು, ಮಧ್ಯಮ ವೇಗದಲ್ಲಿ ಸೈಕಲ್ ಯಂತ್ರ ತುಳಿಯಿತು. ಇನ್ನೊಂದು ಗುಂಪು 20 ಸೆಕೆಂಡ್ ಜೀವ ಹೋಗುವಂತೆ ತುಳಿದು 10 ಸೆಕೆಂಡ್ ಬಿಡುವು ಪಡೆಯಿತು. ಹೀಗೆ ಏಳೆಂಟು ಸುತ್ತು, ಎಲ್ಲ ಸೇರಿ ನಾಲ್ಕು ನಿಮಿಷ. ವಾರಕ್ಕೊಂದು ದಿನ ಮಾತ್ರ ಅವರಿಗೂ ಅರ್ಧ ತಾಸಿನ ಮಧ್ಯಮ ವೇಗದ ತುಳಿತ. ಆರು ವಾರದ ಕೊನೆಗೆ ಮೈ ಆಮ್ಲಜನಕ ಬಳಸುವ ಗರಿಷ್ಠ ಶಕ್ತಿ ಎರಡೂ ಗುಂಪಿನಲ್ಲಿ ಹೆಚ್ಚಿತ್ತು. ನಾಲ್ಕು ನಿಮಿಷದವರಲ್ಲಿ ಅದು ಒಂದು ತಾಸಿನವರಿಗೆ ಯಾವ ರೀತಿಯಲ್ಲೂ ಕಡಿಮೆ ಇರಲಿಲ್ಲ. ಜೊತೆಗೆ ಆಮ್ಲಜನಕಕ್ಕೆ ಕಾಯದೆ ದುಡಿಯುವ ಶಕ್ತಿ ಅವರಲ್ಲಿ ಮಾತ್ರ ಶೇ. 28ರಷ್ಟು ಏರಿತ್ತು.

ಪ್ರಯೋಗಕ್ಕೆ ಬಂದವರು ಎಳೆಯ ವಯಸ್ಸಿನ ಕ್ರೀಡಾ ವಿದ್ಯಾರ್ಥಿಗಳು, ಗುಂಪೂ ಸಣ್ಣದು. ಆದರೆ 2006ರಲ್ಲಿ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಮಾರ್ಟಿನ್ ಗಿಬಾಲಾ ತಂಡ ತೊಡೆಯ ಸ್ನಾಯುವಿನ ಚೂರನ್ನೇ ತೆಗೆದು ನೋಡಿತು. ಎರಡು ವಾರದಲ್ಲಿ ಒಟ್ಟು ಎರಡೂವರೆ ತಾಸು ಬಿಟ್ಟುಬಿಟ್ಟು ತೀವ್ರವಾಗಿ ತುಳಿದವರ ಸ್ನಾಯುವಿನಲ್ಲೂ, ಹತ್ತೂವರೆ ತಾಸು ಒಂದೇ ಸಮನೆ ತುಳಿದವರ ಸ್ನಾಯುವಿನಲ್ಲೂ ಆದ ಬದಲಾವಣೆ ಹೆಚ್ಚುಕಡಿಮೆ ಒಂದೇ ಆಗಿತ್ತು. ಎರಡೂವರೆ ತಾಸು ಹತ್ತೂವರೆ ತಾಸಿಗೆ ಸಮನಾದದ್ದು ಹೇಗೆ? ಉತ್ತರ ಸ್ನಾಯುವಿನೊಳಗಿದೆ.

ಬಚ್ಚಲ ಒಲೆಯ ಮೂರು ಉರಿ

ನಮ್ಮ ಕಡೆಯ ಬಚ್ಚಲ ಒಲೆ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಮೊದಲು ಒಣಗಿದ ಅಡಿಕೆ ಸೋಗೆಗೆ ಬೆಂಕಿ ಹಚ್ಚುತ್ತೇವೆ. ಭಗ್ಗೆಂದು ಏಳುತ್ತದೆ, ಹತ್ತೆಣಿಸುವುದರೊಳಗೆ ಮುಗಿಯುತ್ತದೆ. ನೀರು ಬೇಗ ಕಾಯಲಿ ಎಂದು ಒಲೆಯ ಬಾಯಿಗೆ ಕಟ್ಟಿಗೆ ತುರುಕಿದರೆ ಉರಿ ಜೋರಾಗುತ್ತದೆ, ಆದರೆ ಗಾಳಿ ಸಾಲದೆ ಹೊಗೆ ಕವಿದು ಅರೆಬೆಂದ ಇದ್ದಲು ರಾಶಿ ಬೀಳುತ್ತದೆ. ಒಂದು ಮರದ ಕುಂಟೆಯನ್ನು ಗಾಳಿಯಾಡುವಂತೆ ಇಟ್ಟರೆ ನಿಧಾನವಾಗಿ ಉರಿದು, ಬೂದಿ ಮಾತ್ರ ಉಳಿಸಿ, ಇಡೀ ಮನೆಯ ಸ್ನಾನ ಮುಗಿಯುವವರೆಗೂ ಹಂಡೆ ಕಾಯಿಸುತ್ತದೆ.

ಸ್ನಾಯುವಿನಲ್ಲೂ ಇವೇ ಮೂರು ಉರಿ. ಮೂರೂ ಕೊನೆಗೆ ಮಾಡುವುದು ಎಟಿಪಿ ಎಂಬ ಒಂದೇ ಅಣುವನ್ನು. ಸ್ನಾಯು ಕುಗ್ಗಲು ನೇರವಾಗಿ ಬಳಸುವುದು ಎಟಿಪಿಯನ್ನು ಮಾತ್ರ. ಅದರ ದಾಸ್ತಾನು ಎಷ್ಟು ಕಡಿಮೆಯೆಂದರೆ ಪೂರ್ತಿ ಬಲ ಹಾಕಿದರೆ ಎರಡು ಮೂರು ಸೆಕೆಂಡಿಗೆ ಸಾಲದು. ಖರ್ಚಾದಂತೆಲ್ಲ ಆ ಕ್ಷಣವೇ ತಯಾರಾಗುತ್ತಿರಬೇಕು.

ಸೋಗೆಯ ಉರಿಯಂಥದ್ದು ಸ್ನಾಯುವಿನ ದಿಢೀರ್ ಇಂಧನ, ಕ್ರಿಯಾಟಿನ್ ಫಾಸ್ಫೇಟ್. ಹಳ್ಳ ದಾಟಲು ಒಮ್ಮೆ ಹಾರಿದಾಗ, ಭಾರವನ್ನು ಒಂದೇ ಏಟಿಗೆ ಎತ್ತಿದಾಗ ನೆರವಾಗುವುದು ಇದು. ಸುಮಾರು ಹತ್ತು ಸೆಕೆಂಡಿಗೆ ಇದರ ಜೋರು ಮುಗಿಯುತ್ತದೆ. ತುರುಕಿದ ಕಟ್ಟಿಗೆಯಂಥದ್ದು ಸ್ನಾಯು ಪಿಷ್ಟದ ಅವಸರದ ಉರಿ. ಊಟದ ಅನ್ನ ಸಕ್ಕರೆಯಾಗಿ ಸ್ನಾಯುವಿಗೆ ಬಂದು ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಕೊಂಡಿರುತ್ತದೆ; ಅದನ್ನೇ ಇಲ್ಲಿ ಸ್ನಾಯು ಪಿಷ್ಟ ಎನ್ನುತ್ತಿದ್ದೇನೆ. ಇದನ್ನು ಅರೆಬರೆ ಸುಟ್ಟರೆ ಎಟಿಪಿ ಬೇಗ ಸಿಗುತ್ತದೆ, ಆದರೆ ಒಂದು ಸಕ್ಕರೆ ಅಣುವಿಗೆ ಎರಡೋ ಮೂರೋ ಮಾತ್ರ. ಗಾಳಿಯಾಡುವ ಕುಂಟೆಯ ಉರಿಯಂಥದ್ದು ಆಮ್ಲಜನಕ ಬಳಸಿ ಪೂರ್ತಿ ಸುಡುವ ದಾರಿ. ಅದೇ ಸಕ್ಕರೆ ಅಣು ಇಲ್ಲಿ ಸುಮಾರು 30 ಎಟಿಪಿ ಕೊಡುತ್ತದೆ. ಕೊಬ್ಬು ಸುಡುವುದೂ ಇಲ್ಲಿ ಮಾತ್ರ. ಈ ಪೂರ್ತಿ ಉರಿ ನಡೆಯುವ ಜಾಗ ಜೀವಕೋಶದೊಳಗಿನ ಪುಟ್ಟ ಒಲೆಗಳು, ಮೈಟೊಕಾಂಡ್ರಿಯಗಳು. ಕಣದೊಲೆ ಎನ್ನೋಣ.

ಮೇಷ್ಟ್ರು ವಾಕಿಂಗ್ ಹೋದಾಗ ಕಣದೊಲೆಗಳೇ ಸಾಕು. ಚೀಲ ಹೊತ್ತು ಏರು ಹತ್ತಿದಾಗ ಬೇಡಿಕೆ ಒಲೆಗಳ ಶಕ್ತಿಯನ್ನು ಮೀರುತ್ತದೆ. ಉಳಿದದ್ದನ್ನು ಅವಸರದ ಉರಿ ತುಂಬಬೇಕು. ರಕ್ತದಲ್ಲಿ ಇಂಗಾಲದ ಡೈಆಕ್ಸೈಡೂ ಹುಳಿಯೂ ಏರುತ್ತವೆ, ಮಿದುಳು ಉಸಿರಾಟದ ವೇಗ ಹೆಚ್ಚಿಸುತ್ತದೆ. ಏದುಸಿರು ಎಂದರೆ ಇದೇ.

ಇದ್ದಲನ್ನು ಬೂದಿಯೆಂದು ತಿಳಿದ ಕಾಲ

ಅವಸರದ ಉರಿಯ ಇದ್ದಲು ಲ್ಯಾಕ್ಟೇಟ್. ಬಹುಕಾಲ ಇದಕ್ಕೆ ಕೆಟ್ಟ ಹೆಸರಿತ್ತು. 19ನೇ ಶತಮಾನದ ಆರಂಭದಲ್ಲಿ ಸ್ವೀಡನ್ನಿನ ರಸಾಯನ ವಿಜ್ಞಾನಿ ಬರ್ಜೀಲಿಯಸ್ ಸ್ನಾಯುವಿನಲ್ಲಿ ಲ್ಯಾಕ್ಟಿಕ್ ಆಮ್ಲ ಇರುವುದನ್ನು ಕಂಡ. 1907ರಲ್ಲಿ ಕೇಂಬ್ರಿಡ್ಜಿನ ಫ್ಲೆಚರ್ ಮತ್ತು ಹಾಪ್ಕಿನ್ಸ್ ಕಪ್ಪೆಯ ಸ್ನಾಯು ದಣಿದಂತೆ ಅದು ಏರುವುದನ್ನು ತೋರಿಸಿದರು. ದಣಿವು ಮತ್ತು ಲ್ಯಾಕ್ಟಿಕ್ ಆಮ್ಲ ಜೊತೆಯಾಗಿ ಕಂಡದ್ದರಿಂದ ಒಂದು ಇನ್ನೊಂದಕ್ಕೆ ಕಾರಣವೆಂಬ ನಂಬಿಕೆ ಬಲವಾಯಿತು. ಇವತ್ತಿಗೂ ಜಿಮ್ಮುಗಳಲ್ಲಿ "ಲ್ಯಾಕ್ಟಿಕ್ ಆಸಿಡ್ ತುಂಬಿಕೊಂಡಿದೆ, ನಾಳೆ ಮೈಕೈ ನೋವು ಬರುತ್ತದೆ" ಎನ್ನುವವರಿದ್ದಾರೆ.

1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಜಾರ್ಜ್ ಬ್ರೂಕ್ಸ್ ಈ ಚಿತ್ರವನ್ನು ತಿರುಗಿಸಿದರು. ಬೂದಿಯನ್ನು ಮತ್ತೆ ಉರಿಸಲು ಬರುವುದಿಲ್ಲ, ಇದ್ದಲನ್ನು ಉರಿಸಬಹುದು. ಬಚ್ಚಲ ಒಲೆಯ ಇದ್ದಲು ಹಿಂದೆ ಇಸ್ತ್ರಿ ಪೆಟ್ಟಿಗೆಗೆ ಹೋಗುತ್ತಿದ್ದಂತೆ, ದುಡಿಯುವ ತೊಡೆಯಿಂದ ಹೊರಬಿದ್ದ ಲ್ಯಾಕ್ಟೇಟ್ ರಕ್ತದಲ್ಲಿ ಸಾಗಿ ಹೃದಯದ ಸ್ನಾಯುವಿಗೂ ಮಿದುಳಿಗೂ ಬಿಡುವಿನಲ್ಲಿರುವ ಬೇರೆ ಸ್ನಾಯುಗಳಿಗೂ ಇಂಧನವಾಗುತ್ತದೆ. ಕೆಲಸ ನಿಂತ ಒಂದು ತಾಸಿನೊಳಗೆ ಅದು ಹೆಚ್ಚುಕಡಿಮೆ ಖಾಲಿ. ಮರುದಿನ, ಅದರ ಮರುದಿನ ಬರುವ ಮೈಕೈ ನೋವಿಗೂ ಅದಕ್ಕೂ ಸಂಬಂಧವಿಲ್ಲ. ಆ ನೋವು ಅಭ್ಯಾಸವಿಲ್ಲದ ಸ್ನಾಯುವಿನ ಎಳೆಗಳಲ್ಲಿ ಬಿದ್ದ ಸಣ್ಣ ಸಣ್ಣ ಬಿರುಕುಗಳದ್ದು. ಭಾರ ಹಿಡಿದು ಇಳಿಯುವಾಗ ಅವು ಹೆಚ್ಚು. ತೋಟದಿಂದ ಹತ್ತಿದ್ದಕ್ಕಿಂತ ಬೆಟ್ಟದಿಂದ ಸೊಪ್ಪಿನ ಹೊರೆ ಹೊತ್ತು ಇಳಿದದ್ದೇ ತೊಡೆಗೆ ಹೆಚ್ಚು ನೋವು ಕೊಡುವುದು ಇದಕ್ಕೇ.

ಕೊರತೆ ಕೂಗಿದಾಗ

ಈಗ ಮುಖ್ಯ ಸಂಗತಿಗೆ ಬರೋಣ. ಎಟಿಪಿಯಲ್ಲಿ ಮೂರು ಫಾಸ್ಫೇಟ್ ಕೊಂಡಿಗಳಿವೆ. ಒಂದು ಕಳಚಿದರೆ ಶಕ್ತಿ ಸಿಗುತ್ತದೆ, ಎರಡು ಕೊಂಡಿಯ ಎಡಿಪಿ ಉಳಿಯುತ್ತದೆ. ಖರ್ಚು ವಿಪರೀತವಾಗಿ ಎಡಿಪಿಗಳು ಕೂಡಿಬಿದ್ದಾಗ ಕೋಶ ಎರಡು ಎಡಿಪಿಗಳನ್ನು ಸೇರಿಸಿ ಒಂದು ಎಟಿಪಿ ಮಾಡಿಕೊಳ್ಳುತ್ತದೆ. ಆಗ ಒಂದೇ ಕೊಂಡಿಯ ಎಎಂಪಿ ಉಳಿಯುತ್ತದೆ. ಬಿಡುವಿನಲ್ಲಿರುವ ಸ್ನಾಯುವಿನಲ್ಲಿ ಎಎಂಪಿ ತೀರಾ ವಿರಳ. ಆದ್ದರಿಂದ ಎಟಿಪಿ ಸ್ವಲ್ಪವೇ ಇಳಿದರೂ ಎಎಂಪಿ ಹಲವು ಪಟ್ಟು ಏರುತ್ತದೆ.

ಈ ಏರಿಕೆಯನ್ನೇ ನೋಡುತ್ತ ಕೂತಿರುವ ಒಂದು ಕಿಣ್ವವಿದೆ, ಎಎಂಪಿಕೆ. ಇದರ ಬಗ್ಗೆ ನಮಗಿರುವ ತಿಳಿವಿನ ದೊಡ್ಡ ಪಾಲು ಸ್ಕಾಟ್ಲೆಂಡಿನ ಡಂಡಿ ವಿಶ್ವವಿದ್ಯಾಲಯದ ಗ್ರಹಾಂ ಹಾರ್ಡಿ ಅವರ ಪ್ರಯೋಗಾಲಯದ್ದು. ಕೊರತೆ ಕಂಡೊಡನೆ ಎಎಂಪಿಕೆ ಎರಡು ಕೆಲಸ ಮಾಡುತ್ತದೆ. ತಕ್ಷಣಕ್ಕೆ, ಸಕ್ಕರೆ ಮತ್ತು ಕೊಬ್ಬನ್ನು ಒಳಗೆಳೆದು ಸುಡುವ ಕೆಲಸ ಚುರುಕುಮಾಡಿ ಉಳಿದ ಖರ್ಚುಗಳನ್ನು ತಡೆಯುತ್ತದೆ. ಮುಂದಿನದಕ್ಕಾಗಿ, ಇನ್ನೊಂದು ಪ್ರೋಟೀನನ್ನು ಎಬ್ಬಿಸುತ್ತದೆ. ಅದರ ಹೆಸರು ಪಿಜಿಸಿ-ಒನ್ ಆಲ್ಫಾ, 1998ರಲ್ಲಿ ಹಾರ್ವರ್ಡಿನ ಬ್ರೂಸ್ ಸ್ಪೀಗಲ್‌ಮನ್ ಅವರ ತಂಡ ಗುರುತಿಸಿದ್ದು. ಅದು ಕೋಶಕೇಂದ್ರಕ್ಕೆ ಹೋಗಿ, ಕಣದೊಲೆ ಕಟ್ಟಲು ಬೇಕಾದ ಜೀನುಗಳನ್ನು ಒಟ್ಟಿಗೆ ತೆರೆಯಿಸುತ್ತದೆ. ಕುಗ್ಗುವ ಪ್ರತಿ ಎಳೆಯಲ್ಲಿ ಹೊರಬೀಳುವ ಕ್ಯಾಲ್ಸಿಯಂ ಕೂಡ ಇದೇ ಕೆಲಸಕ್ಕೆ ಕೈಜೋಡಿಸುತ್ತದೆ. ನೀವು ಮನೆಗೆ ಬಂದು ಸ್ನಾನ ಮಾಡಿ ಕೂತಾಗ ಒಳಗೆ ಈ ಕೆಲಸ ಜೋರಾಗಿ ನಡೆದಿರುತ್ತದೆ. ವ್ಯಾಯಾಮದಿಂದ ಸ್ನಾಯುವಿನಲ್ಲಿ ಕಣದೊಲೆಗಳೇ ಹೆಚ್ಚುತ್ತವೆ ಎಂಬುದನ್ನು 1967ರಲ್ಲೇ ಅಮೆರಿಕದ ಜಾನ್ ಹಾಲೊಸಿ ಇಲಿಗಳನ್ನು ಓಡಿಸಿ ತೋರಿಸಿದ್ದರು. ಯಾಕೆ ಹೆಚ್ಚುತ್ತವೆ ಎಂಬುದು ತಿಳಿಯಲು ಮೂವತ್ತು ವರ್ಷ ಹಿಡಿಯಿತು.

ಮೇಷ್ಟ್ರ ವಾಕಿಂಗಿನಲ್ಲಿ ಮೊದಮೊದಲು ಈ ಕೊರತೆ ಇತ್ತು. ಮೈ ಅದಕ್ಕೆ ತಕ್ಕಷ್ಟು ಒಲೆ ಕಟ್ಟಿಕೊಂಡಿತು. ವೇಗವೂ ದಾರಿಯೂ ಬದಲಾಗದೆ ಇದ್ದದ್ದರಿಂದ ಮತ್ತೆ ಕಟ್ಟುವ ಅಗತ್ಯ ಬೀಳಲಿಲ್ಲ. ಇನ್ನೊಂದು ಕಾರಣವನ್ನು ಹಾರ್ವರ್ಡಿನ ಎಲ್ವುಡ್ ಹೆನಮನ್ ಕಳೆದ ಶತಮಾನದ ನಡುವಿನಲ್ಲಿ ಕಂಡುಹಿಡಿದಿದ್ದರು. ನರಗಳು ಮೊದಲು ಸಣ್ಣ, ದಣಿಯದ ಎಳೆಗಳನ್ನು ಕರೆಯುತ್ತವೆ. ಬಲದ ಬೇಡಿಕೆ ಏರಿದಂತೆ ಮಾತ್ರ ದೊಡ್ಡ, ಜೋರಿನ ಎಳೆಗಳ ಸರದಿ. ನಿಧಾನ ನಡಿಗೆಯಲ್ಲಿ ದೊಡ್ಡ ಎಳೆಗಳು ಮಲಗಿಯೇ ಇರುತ್ತವೆ. ಮಲಗಿದ ಎಳೆಯಲ್ಲಿ ಕೊರತೆ ಹುಟ್ಟುವುದಿಲ್ಲ. ಭಾರ ಹೊತ್ತು ಏರಿದಾಗ, ಪೆಟ್ಟಿಗೆ ಹಾರಿದಾಗ ಎಲ್ಲವೂ ಏಳುತ್ತವೆ, ಎಲ್ಲದರಲ್ಲೂ ಕೊರತೆಯ ಕೂಗು ಕೇಳುತ್ತದೆ. ನಡುವಿನ ಬಿಡುವು ಇರುವುದು ಮತ್ತೆ ಅದೇ ಕೊರತೆಯವರೆಗೆ ಹೋಗುವಷ್ಟು ಚೇತರಿಸಿಕೊಳ್ಳಲು. ನಾಲ್ಕು ನಿಮಿಷದ ಗುಟ್ಟು ಇಷ್ಟೇ.

ಕೊನೆಗೌಡರ ಉಸಿರು

ಅಜ್ಜನ ಪ್ರಶ್ನೆಗೂ ಇಲ್ಲಿ ಉತ್ತರವಿದೆ. ಕೊನೆಗೌಡರು ಅಡಿಕೆ ಮರ ಹತ್ತುವುದನ್ನು ಹತ್ತಿರದಿಂದ ನೋಡಿ. ಪಾದಗಳಿಗೆ ಹಗ್ಗದ ಬಳೆ ಸಿಕ್ಕಿಸಿ, ಮರ ತಬ್ಬಿ, ಮಂಡಿಗಳನ್ನು ಎದೆಯ ಹತ್ತಿರಕ್ಕೆ ಎಳೆದು, ಪಾದ ಒತ್ತಿ ಇಡೀ ಮೈಯನ್ನು ಮೇಲಕ್ಕೆ ನೀಡುತ್ತಾರೆ. ಪ್ರತಿ ನೆಗೆತಕ್ಕೂ ಎತ್ತಬೇಕಾದ್ದು ತಮ್ಮದೇ ಪೂರ್ತಿ ತೂಕ. ಸ್ವಲ್ಪ ಹೊತ್ತಿನ ತೀವ್ರ ದುಡಿಮೆ, ಆಮೇಲೆ ತುದಿಯಲ್ಲಿ ನಿಂತು ಕೊನೆ ಕೊಯ್ದು ಹಗ್ಗದಲ್ಲಿ ಇಳಿಬಿಡುವಾಗ ಉಸಿರಿಗೆ ಬಿಡುವು, ನಂತರ ಮರ ಬಾಗಿಸಿ ಪಕ್ಕದ ಮರ ಹಿಡಿದು ಮತ್ತೆ ಶುರು. ಮಳೆಗಾಲದ ಮೊದಲು ಕೊನೆಗೆ ಮಳೆ ತಾಗದಂತೆ ಕೊಟ್ಟೆ ಕಟ್ಟಲು, ಕೊಳೆರೋಗಕ್ಕೆ ಮದ್ದು ಹೊಡೆಯಲು, ಆಮೇಲೆ ಕೊಯ್ಲಿಗೆ. ತಬಾಟಾ ಅವರ ಯಂತ್ರ ಬರುವ ಎಷ್ಟೋ ಮೊದಲೇ ಈ ಕಣಿವೆಗಳಲ್ಲಿ ಆ ವಿಧಾನ ನಡೆದುಕೊಂಡು ಬಂದಿತ್ತು. ಇಷ್ಟು ನುರಿತ ದುಡಿಮೆಗೆ ನಾವು ಕೊಟ್ಟ ಗೌರವ ಸಾಲದು ಎಂದೇ ನನ್ನ ಎಣಿಕೆ.

ಅಜ್ಜನ ತೋಟದಲ್ಲಿ ತಲೆಹೊರೆಯಿತ್ತು. ಮೊಮ್ಮಗನ ತೋಟಕ್ಕೆ ಗಾಡಿಯ ದಾರಿಯಿದೆ, ಅಡಿಕೆ ಸುಲಿಯಲು ಯಂತ್ರ, ಕೊಯ್ಯಲು ಕಾರ್ಬನ್ ಫೈಬರ್ ದೋಟಿ. ಇವೆಲ್ಲ ಬಂದದ್ದು ಒಳ್ಳೆಯದೇ; ಮರದಿಂದ ಬಿದ್ದು ಸೊಂಟ ಮುರಿದುಕೊಂಡವರ ಮನೆಗಳನ್ನು ಕಂಡವರು ಬೇರೆ ಮಾತಾಡಲಾರರು. ಆದರೆ ಸ್ನಾಯುವಿಗೆ ಕೊರತೆ ಹುಟ್ಟಿಸುತ್ತಿದ್ದ ಕೆಲಸವೂ ಅವುಗಳ ಜೊತೆ ಹೋಯಿತು. ಬರಿಗೈಯಲ್ಲಿ ತೋಟ ಇಳಿದು ಹತ್ತುವುದು ಆ ಜಾಗ ತುಂಬುವುದಿಲ್ಲ.

ಅನ್ನ ಬಿಡಬೇಕೆ?

ಜಿಮ್ಮಿಗೆ ಸೇರಿದ ವಾರದೊಳಗೆ ಎರಡು ಸಲಹೆ ಕಿವಿಗೆ ಬೀಳುತ್ತವೆ: ಅನ್ನ ಬಿಡಿ, ಪ್ರೋಟೀನ್ ಪೌಡರ್ ಕುಡಿಯಿರಿ. ಮೊದಲನೆಯದು ಈ ಬಗೆಯ ವ್ಯಾಯಾಮಕ್ಕೆ ತಪ್ಪು ಸಲಹೆ. ಅವಸರದ ಉರಿಗೆ ಬೇಕಾದ್ದು ಸ್ನಾಯು ಪಿಷ್ಟ, ಅದು ತುಂಬುವುದು ಅನ್ನ, ದೋಸೆ, ಗಂಜಿಯಿಂದ. ದೊಡ್ಡವರ ಸ್ನಾಯುಗಳಲ್ಲಿ ಸುಮಾರು 400 ಗ್ರಾಂ, ಯಕೃತ್ತಿನಲ್ಲಿ 100 ಗ್ರಾಂ ಇರಬಹುದು. ಕೊಬ್ಬಿನ ದಾಸ್ತಾನು ಎಷ್ಟೇ ಇರಲಿ, ಆ ವೇಗದಲ್ಲಿ ಅದು ಉರಿಯುವುದಿಲ್ಲ. ಪಿಷ್ಟ ಖಾಲಿಯಾದವರು ಟೈಮರ್ ಪ್ರಕಾರ ಕುಣಿದರೂ ತೀವ್ರತೆ ಮುಟ್ಟಲಾರರು. ವ್ಯಾಯಾಮಕ್ಕೆ ಎರಡು ತಾಸು ಮೊದಲು ಎರಡು ದೋಸೆ, ಸ್ವಲ್ಪ ಜೋನಿ ಬೆಲ್ಲ ಸಾಕು. ಸಕ್ಕರೆ ಕಾಯಿಲೆಯವರು ಮಾತ್ರ ವೈದ್ಯರನ್ನು ಕೇಳಿಯೇ ಇದನ್ನು ತೀರ್ಮಾನಿಸಬೇಕು.

ಎರಡನೆಯದರಲ್ಲಿ ಅರ್ಧ ಸತ್ಯವಿದೆ. ನಮ್ಮ ಕಡೆಯ ಊಟದಲ್ಲಿ ಪ್ರೋಟೀನ್ ತೆಳು. ತಂಬುಳಿ, ಅಪ್ಪೆಹುಳಿ, ಸಾರು ರುಚಿಯಲ್ಲಿ ಒಂದಕ್ಕಿಂತ ಒಂದು ಮಿಗಿಲು, ಆದರೆ ಬೇಳೆ ಚಮಚದ ಲೆಕ್ಕದಲ್ಲಿ ಬೀಳುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸು, ಮೈತೂಕದ ಕಿಲೋಗೆ ದಿನಕ್ಕೆ 0.83 ಗ್ರಾಂ. 60 ಕಿಲೋದವರಿಗೆ 50 ಗ್ರಾಂ. ಭಾರದ ವ್ಯಾಯಾಮ ಮಾಡಿ ಸ್ನಾಯು ಬೆಳೆಸುವವರಿಗೆ ಕಿಲೋಗೆ ಸುಮಾರು 1.6 ಗ್ರಾಂವರೆಗೆ ಉಪಯೋಗ ಕಾಣುತ್ತದೆ, ಅಂದರೆ 96 ಗ್ರಾಂ. ಅದಕ್ಕಿಂತ ಮೇಲೆ ಹೆಚ್ಚಿನ ಲಾಭವಿಲ್ಲ.

ಮನೆಯ ಸಾಮಾನಿನಿಂದಲೇ ಲೆಕ್ಕ ಹಾಕಿ. 300 ಗ್ರಾಂ ಅಕ್ಕಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್, 50 ಗ್ರಾಂ ತೊಗರಿಬೇಳೆಯಲ್ಲಿ 11, ಅಷ್ಟೇ ಹುರುಳಿಯಲ್ಲಿ 11, ಅರ್ಧ ಲೀಟರ್ ಹಾಲು ಮೊಸರಿನಲ್ಲಿ 16, ಒಂದು ದೊಡ್ಡ ಮುಷ್ಟಿ ಶೇಂಗಾದಲ್ಲಿ 10. ಅಲ್ಲಿಗೆ 70 ಆಯಿತು. ಎರಡು ಮೊಟ್ಟೆಗೆ 12 ಸೇರಿಸಿ. ಮೀನು ತಿನ್ನುವವರಿಗೆ 100 ಗ್ರಾಂಗೆ 20ರಷ್ಟು ಸಿಗುತ್ತದೆ. ಅಕ್ಕಿಯಲ್ಲಿ ಕಡಿಮೆಯಿರುವ ಲೈಸಿನ್ ಕಾಳಿನಲ್ಲಿದೆ, ಕಾಳಿನ ಕೊರತೆಯನ್ನು ಅಕ್ಕಿ ತುಂಬುತ್ತದೆ. ಹುರುಳಿಯನ್ನು ದನಕ್ಕೂ ಕಟ್ಟಿನ ಸಾರಿಗೂ ಮೀಸಲಿಡದೆ ಕಾಳನ್ನೇ ತಿಂದರೆ ಪ್ರೋಟೀನ್ ಕೊರತೆಯ ದೊಡ್ಡ ಪಾಲು ನೀಗುತ್ತದೆ. ಡಬ್ಬಿಯ ವೇ ಪೌಡರ್ ವಿಷವಲ್ಲ. ಹಾಲು ಒಡೆದಾಗ ಉಳಿಯುವ ನೀರನ್ನು ಒಣಗಿಸಿ ಮಾಡಿದ್ದು. ಊಟದಿಂದ ತುಂಬದೆ ಹೋದ 20 ಗ್ರಾಂಗೆ ಅದು ಒಂದು ದಾರಿ, ಅಷ್ಟೇ.

ಎದೆಯ ವಿಚಾರ

2021ರ ಅಕ್ಟೋಬರ್ 29ರಂದು 46ರ ಹರೆಯದ, ವ್ಯಾಯಾಮಪ್ರಿಯ ನಟ ಪುನೀತ್ ರಾಜಕುಮಾರ್ ಹೃದಯಾಘಾತದಿಂದ ತೀರಿಕೊಂಡಾಗ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿದರು. ಜಿಮ್ಮಿಗೆ ಹೋಗಬಹುದೋ ಬಾರದೋ ಎಂಬ ಭಯ ನಮ್ಮ ಪೇಟೆಗಳಿಗೂ ಬಂತು. ಒಬ್ಬರ ಸಾವನ್ನು ಹಿಡಿದು ಎಲ್ಲರಿಗೂ ನಿಯಮ ಮಾಡಲು ಬರುವುದಿಲ್ಲ. ಆದರೆ ಆ ಭಯಕ್ಕೆ ಅಂಕಿಸಂಖ್ಯೆಯ ಉತ್ತರವಿದೆ. 1993ರಲ್ಲಿ ಅಮೆರಿಕದಲ್ಲಿ ಹೃದಯಾಘಾತವಾದವರನ್ನು ವಿಚಾರಿಸಿದ ಅಧ್ಯಯನವೊಂದು ಪ್ರಕಟವಾಯಿತು. ತೀವ್ರ ಶ್ರಮದ ಮುಂದಿನ ಒಂದು ತಾಸಿನಲ್ಲಿ ಆಘಾತದ ಅಪಾಯ, ವಾರಕ್ಕೊಮ್ಮೆಯೂ ಅಂಥ ಶ್ರಮ ಮಾಡದವರಲ್ಲಿ ನೂರು ಪಟ್ಟಿಗೂ ಮಿಕ್ಕಿ ಏರುತ್ತಿತ್ತು. ವಾರಕ್ಕೆ ಐದು ಸಲ ಅಥವಾ ಹೆಚ್ಚು ಮಾಡುವವರಲ್ಲಿ ಸುಮಾರು ಎರಡೂವರೆ ಪಟ್ಟು ಮಾತ್ರ. ಆ ಒಂದು ತಾಸಿನ ಮೂಲ ಅಪಾಯ ತೀರಾ ಸಣ್ಣದು ಎಂಬುದನ್ನು ಮರೆಯಬಾರದು. ಆದರೂ ಹೆಚ್ಚು ಅಪಾಯ ಯಾರಿಗೆ ಎಂಬುದು ಸ್ಪಷ್ಟ: ವರ್ಷಗಟ್ಟಲೆ ಕೂತಿದ್ದು ಒಂದೇ ದಿನ ಎದ್ದು ಪೂರ್ತಿ ಬಲ ಹಾಕುವವರಿಗೆ.

ಹಾಗಾಗಿ ನಲವತ್ತು ದಾಟಿದವರು, ಬಿಪಿ ಅಥವಾ ಸಕ್ಕರೆ ಕಾಯಿಲೆ ಇರುವವರು, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯದ ತೊಂದರೆ ಕಂಡವರು ಜಿಮ್ಮಿನ ಹಣ ಕಟ್ಟುವ ಮೊದಲು ವೈದ್ಯರಿಗೆ ತೋರಿಸಿ. ತಂಬಾಕಿನ ಕವಳ ಬಾಯಲ್ಲಿಟ್ಟು ಶ್ರಮಕ್ಕೆ ಇಳಿಯಬೇಡಿ; ತಂಬಾಕು ಹೃದಯದ ಬಡಿತವನ್ನೂ ರಕ್ತದೊತ್ತಡವನ್ನೂ ಏರಿಸುತ್ತದೆ. ಮೊದಲ ತಿಂಗಳು ಏರು ನಡಿಗೆ, ಬರಿಮೈ ಬಸ್ಕಿ ಮಾತ್ರ ಮಾಡಿ. ಆಮೇಲೆ ವಾರಕ್ಕೆ ಎರಡು ದಿನ, ನಡುವೆ ಒಂದೆರಡು ದಿನ ಬಿಟ್ಟು, 20 ಸೆಕೆಂಡ್ ಜೋರು, ಒಂದು ನಿಮಿಷ ನಿಧಾನ, ಹೀಗೆ ನಾಲ್ಕು ಸುತ್ತು ಸಾಕು. ಮಳೆಗಾಲದ ತೇವದಲ್ಲಿ ಬೆವರು ಆರುವುದಿಲ್ಲ, ಮೈ ಬೇಗ ಬಿಸಿಯೇರುತ್ತದೆ. ಉಪ್ಪು ಹಾಕಿದ ಮಜ್ಜಿಗೆ ನೀರು ಜೊತೆಗಿರಲಿ. ಎದೆ ಬಿಗಿದರೆ, ತಲೆ ತಿರುಗಿದರೆ ಆ ಕ್ಷಣ ನಿಲ್ಲಿಸಿ, ಕೂತರೂ ಕಡಿಮೆಯಾಗದಿದ್ದರೆ ಆಸ್ಪತ್ರೆಗೆ ಹೋಗಿ. ಹೊಸಬರು ಮಿತಿಮೀರಿ ಮಾಡಿದರೆ ಸ್ನಾಯುವಿನ ಎಳೆಗಳು ಒಡೆದು ಒಳಗಿನದು ರಕ್ತಕ್ಕೆ ಸೇರಿ ಮೂತ್ರಪಿಂಡವನ್ನು ಕೆಡಿಸಬಹುದು. ವ್ಯಾಯಾಮದ ಮರುದಿನ ಮೂತ್ರ ಚಹಾದ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಅದನ್ನು ಮೈಕೈ ನೋವೆಂದು ತಳ್ಳಿಹಾಕದೆ ಅದೇ ದಿನ ವೈದ್ಯರಲ್ಲಿಗೆ ಹೋಗಿ.